ಅಕ್ಕಾ, ನಿಮಗೆಲ್ಲ ಹೇಗೆ ಗೊತ್ತಾಗುತ್ತೆ?

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇದೆ. ಯಾರೂ ಇಲ್ಲದಾಗ ದನಿ ಕೇಳಿಸುತ್ತಾ, ನಿದ್ದೆ ಬರುತ್ತಾ, ಮಾತ್ರೆ ತಗೊಂಡ್ಯಾ ಎಂದು ಡಾಕ್ಟರು ಕೇಳುತ್ತಾರೆ. ಬೇಕಾದ ಪ್ರಶ್ನೆಗಳೇ. ಆದರೆ ಒಮ್ಮೆ ಅವನು ಹೇಳಿದ ಮಾತಿಗೆ ಅವುಗಳಲ್ಲಿ ಜಾಗವಿಲ್ಲ. "ಅಕ್ಕಾ, ಯಾರಾದ್ರೂ ಮನೆಗೆ ಬಂದ್ರೆ ಏನು ಮಾತಾಡ್ಬೇಕು, ಎಷ್ಟು ಹೊತ್ತು ಮುಖ ನೋಡ್ಬೇಕು ಅಂತ ನಿಮಗೆಲ್ಲ ಹೇಗೆ ಗೊತ್ತಾಗುತ್ತೆ? ನಾನು ಪ್ರತಿ ಸಲ ಯೋಚಿಸ್ಬೇಕು."

1971ರಲ್ಲಿ ಜರ್ಮನಿಯ ಮನೋವೈದ್ಯ ವೋಲ್ಫ್‌ಗಾಂಗ್ ಬ್ಲಾಂಕೆನ್‌ಬುರ್ಗ್ ಬರೆದದ್ದು ಇದರ ಬಗ್ಗೆಯೇ. ಅವರ ಬಳಿ ಬಂದ ಒಬ್ಬ ಯುವತಿಗೆ, ಉಳಿದವರಿಗೆ ತಾನಾಗಿ ತಿಳಿಯುವ ಸಣ್ಣಪುಟ್ಟ ಸಂಗತಿಗಳೇ ಕೈತಪ್ಪಿದ್ದವು. ಭ್ರಮೆಗಳಿಗಿಂತ ಜಾಸ್ತಿ ಅವರು ಗಮನ ಕೊಟ್ಟದ್ದು ಈ ಕೊರತೆಗೆ.

ರೋಗಿಗೆ ಒಳಗೆ ಏನಾಗುತ್ತಿದೆ ಎಂದು ಅವನಿಂದಲೇ ಕೇಳಿ ತಿಳಿಯಬೇಕು ಎಂದು ಜರ್ಮನಿಯ ಇನ್ನೊಬ್ಬ ಮನೋವೈದ್ಯ ಕಾರ್ಲ್ ಯಾಸ್ಪರ್ಸ್ 1913ರಲ್ಲೇ ಹೇಳಿದ್ದರು. ಆದರೆ ಈ ಕಾಯಿಲೆಯ ಕೆಲವು ಅನುಭವಗಳು ಬೇರೆಯವರಿಗೆ ಅರ್ಥವಾಗಲಾರವು ಎಂದೂ ನಂಬಿದ್ದರು. ಇದನ್ನು ನಾನು ಒಪ್ಪುವುದಿಲ್ಲ. ತಮ್ಮ ನಿಧಾನವಾಗಿ ಹೇಳುತ್ತಾನೆ. ನಡುವೆ ಬಾಯಿ ಹಾಕದೆ ಕೇಳಿದರೆ ಎಷ್ಟೋ ತಿಳಿಯುತ್ತದೆ. ಮಾತ್ರೆಯೂ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅವನ ಆ ಮಾತನ್ನೂ ಬರೆದುಕೊಂಡು ಹೋಗುತ್ತೇನೆ. ಅವನು ಒಪ್ಪಿದ್ದಾನೆ.