ಮಘೆ ಮಳೆಗೆ ಕಾದ ವಾರ

2023ರ ಆಗಸ್ಟ್ ಕೊನೆಯ ವಾರ. ಚಳ್ಳಕೆರೆ ಸೀಮೆಯ ನಮ್ಮ ಹೊಲದಲ್ಲಿ ಶೇಂಗಾ ಹೂ ಬಿಟ್ಟಿತ್ತು. ಅಪ್ಪ ಬದುವಿನ ಮೇಲೆ ಕೂತು ಪಡುವಣ ದಿಕ್ಕನ್ನೇ ನೋಡುತ್ತಿದ್ದರು. ಮೋಡ ಬೇಕಾದಷ್ಟಿತ್ತು. ಒಂದೂ ನಿಲ್ಲುತ್ತಿರಲಿಲ್ಲ.

ನಮ್ಮ ಕಡೆ ಮುಂಗಾರು ಅಂದ್ರೆ ಹೀಗೇ. ಸಹ್ಯಾದ್ರಿ ದಾಟಿ ಬರುವಷ್ಟರಲ್ಲಿ ಮೋಡ ಬರಿದಾಗಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೇಲೆ ಸುರಿದರೆ ನಮಗೆ ಸಿಗುವುದು ಹೆಚ್ಚೂಕಡಿಮೆ 500. ಜೂನ್, ಜುಲೈನಲ್ಲಿ ಗಾಳಿಯೇ ಜಾಸ್ತಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ ಅಲ್ವಾ? ಗಟ್ಟಿ ಮಳೆ ಬರುವುದು ಗಾಳಿ ತಗ್ಗಿದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ, ಗುಡುಗು ಸಿಡಿಲಿನ ಜೊತೆ. ಅಲ್ಲಿವರೆಗೆ ಬೆಳೆ ತಡೆಯಬೇಕಾದರೆ ನಡುವೆ, ಆಗಸ್ಟ್ ಕೊನೆಗೆ, ಮಘೆ ನಕ್ಷತ್ರದ ಮಳೆ ಬೀಳಲೇಬೇಕು. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು’ ಅಂತ ಅವ್ವ ನನಗೆ ಇನ್ನೊಂದು ಮುದ್ದೆ ಹಾಕುವಾಗೆಲ್ಲ ಹೇಳುತ್ತಿದ್ದಳು. ಆ ವಾರ ಹೇಳಲಿಲ್ಲ.

ಅಪ್ಪ ಒಂದು ಗಿಡ ಬಗ್ಗಿಸಿ ತೋರಿಸಿದರು. ಹಳದಿ ಹೂ ಬಾಡಿದ ಜಾಗದಿಂದ ಸೂಜಿಯಂಥ ಎಳೆ ಕೆಳಗಿಳಿದಿತ್ತು. ಅದು ಮಣ್ಣೊಳಗೆ ಹೊಕ್ಕರೆ ಮಾತ್ರ ಕಾಯಿ. ನೆಲ ಹಪ್ಪಳಗಟ್ಟಿತ್ತು. ಎಳೆಯ ತುದಿ ಒಳಗೆ ಹೋಗಲಾಗದೆ ಕಪ್ಪಾಗಿ ಒಣಗಿತ್ತು. ನಾನು ಬೆರಳಿಂದ ಕೆರೆದೆ. ಉಗುರು ನೊಂದಿತೇ ಹೊರತು ಹದ ಸಿಗಲಿಲ್ಲ.

“ಹೋದ ವರ್ಷ ಇಲ್ಲೇ ನೀರು ನಿಂತಿತ್ತಲ್ಲಪ್ಪ” ಅಂದರು. ನಿಜ. 2022ರಲ್ಲಿ ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 89 ವರ್ಷಗಳ ನಂತರ ಕೋಡಿ ಬಿದ್ದಿತ್ತು. ಜನ ಜಾತ್ರೆಗೆ ಹೋದಂತೆ ನೋಡಲು ಹೋಗಿದ್ದರು. ನಮ್ಮ ಕಾಯಿ ಮಣ್ಣಲ್ಲೇ ಮೊಳೆತಿತ್ತು. ಎರಡೂ ವರ್ಷ ಕೂಡಿಸಿ ಸರಾಸರಿ ತೆಗೆದರೆ ಲೆಕ್ಕ ಚೆನ್ನಾಗೇ ಕಾಣಬಹುದು. ಆದರೆ ಶೇಂಗಾಕ್ಕೆ ಬೇಕಿರುವುದು ಸೂಜಿ ಇಳಿಯುವ ಆ ಹದಿನೈದು ದಿನದ ಮಳೆ. ಮಳೆ ಎಷ್ಟು ಬಂತು ಅಂತ ಕೇಳುವವರು ಯಾವಾಗ ಬಂತು ಅಂತಲೂ ಕೇಳಬೇಕು ಅನ್ನಿಸುತ್ತದೆ ನನಗೆ. ಆ ಆಗಸ್ಟ್ 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಎಂದು ಹವಾಮಾನ ಇಲಾಖೆ ಆಮೇಲೆ ಹೇಳಿತು.

ಮಘೆ ಮುಗಿದು ಮುಂದಿನ ಮಳೆ ನಕ್ಷತ್ರ ಹುಬ್ಬೆಯಲ್ಲಿ ಒಂದು ರಾತ್ರಿ ಹನಿ ಬಿತ್ತು. ಅಪ್ಪ ಟಾರ್ಚ್ ಹಿಡಿದು ಹೊರಟರು, ನಾನೂ ಹಿಂದೆ ಹೋದೆ. ಕುಡುಗೋಲಿನ ತುದಿಯಿಂದ ಮಣ್ಣು ಕೆದಕಿದರು. ಅರ್ಧ ಬೆರಳು ಹಸಿ. ಅದರ ಕೆಳಗೆ ಬೂದಿಯಂಥ ಮಣ್ಣು.

“ಬಳ್ಳಿ ದನಕ್ಕಾದ್ರೂ ಆಗುತ್ತೆ, ನಡಿಯಪ್ಪ” ಅಂದು ಟಾರ್ಚ್ ಆರಿಸಿದರು.