ಆರು ಮಳೆಗಾಲದ ಕೇಬಲ್

ನನ್ನ ಸ್ಪೀಕರ್ ಕೇಬಲ್ ಜೋಡಿ ಇವತ್ತು ಕುಶಾಲನಗರದ ಒಬ್ಬ ಹುಡುಗನ ಕೈ ಸೇರಿತು. ತಲಾ 3 ಮೀಟರ್, 12 ಗೇಜ್ ದಪ್ಪದ ತಾಮ್ರ. ಕೊಂಡ ಬೆಲೆಯ ಅರ್ಧಕ್ಕೆ ಕೊಟ್ಟೆ.

"ಅಣ್ಣ, ಇದು ಅಸಲಿನಾ?" ಅಂತ ಮೊದಲೇ ಕೇಳಿದ. ಕೇಳಲೇಬೇಕು. ದುಬಾರಿ ಕೇಬಲ್‌ಗಳಲ್ಲಿ ನಕಲಿ ಮಾಲೂ ಓಡಾಡುತ್ತದೆ. ಬಿಲ್ ತೋರಿಸಿದೆ. ತುದಿಯಲ್ಲಿ ಸಿಕ್ಕಿಸುವ ಬನಾನಾ ಪ್ಲಗ್ ಬಿಚ್ಚಿ ಒಳಗಿನ ಎಳೆಗಳನ್ನೂ ತೋರಿಸಿದೆ. ಮಡಿಕೇರಿ ಮಳೆಗಾಲದ ತೇವ ಗೊತ್ತಲ್ವಾ? ಮನೆಯಲ್ಲಿರುವ ಇನ್ನೊಂದು ಅಗ್ಗದ ತಂತಿ ತುದಿಯಿಂದ ಗೇಣುದ್ದ ಹಸಿರುಗಟ್ಟಿದೆ. ಇದರ ತಾಮ್ರ ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಿದ ಚೊಂಬಿನ ಹಾಗೆ ಹೊಳೆಯುತ್ತಿತ್ತು.

ಇಷ್ಟು ದೂರಕ್ಕೆ, ಹೋಗಿಬರುವ ತಂತಿ ಎರಡೂ ಸೇರಿ ರೆಸಿಸ್ಟೆನ್ಸ್, ಅಂದರೆ ಕರೆಂಟ್‌ಗೆ ತಂತಿ ಒಡ್ಡುವ ತಡೆ, ಸುಮಾರು 0.03 ಓಮ್. 8 ಓಮ್ ಸ್ಪೀಕರ್ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಅದಕ್ಕೇ ಹೇಳಿದೆ: "ಸೌಂಡ್ ಬದಲಾಗುತ್ತೆ ಅಂತ ತಗೋಬೇಡಪ್ಪ. ಗಟ್ಟಿಯಾಗಿದೆ, ತುಂಬಾ ವರ್ಷ ಬರುತ್ತೆ, ಅದಕ್ಕೆ ತಗೋ." ಖುಷಿಯಿಂದಲೇ ತಗೊಂಡ.

ಆರು ಮಳೆಗಾಲ ನಮ್ಮ ಮನೆಯ ಹಾಡೆಲ್ಲ ಅದರಲ್ಲೇ ಹರಿದಿತ್ತು. ಸುತ್ತಿ ಕೊಡುವಾಗ ಯಾಕೋ ಕೈ ನಿಧಾನವಾಯಿತು. ಸಂಜೆ ಅವನೇ ಫೋನ್ ಮಾಡಿದ. ಹಿಂದೆ ಹಾಡು ಕೇಳುತ್ತಿತ್ತು. ಸ್ವಲ್ಪ ಹೊತ್ತು ಇಬ್ಬರೂ ಸುಮ್ನೆ ಕೇಳಿದೆವು.