ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಗೆ ಮಂಡಿನೋವಿನ ಅಮ್ಮನ ಜೊತೆ

ಕೆಲವು ವರ್ಷಗಳ ಹಿಂದೆ ಬೇಲೂರಿಗೆ ಹೋದಾಗ ಅಮ್ಮ ಅಂಗಳದಲ್ಲೇ ಕೂತಿದ್ದರು. ಆಗಲೇ ಅವರಿಗೆ ಮಂಡಿನೋವು ಶುರುವಾಗಿತ್ತು. ಗುಡಿ ನಿಂತಿರುವ ಎತ್ತರದ ಕಟ್ಟೆಯ, ಅಂದರೆ ಜಗತಿಯ, ಮೆಟ್ಟಿಲು ನೋಡಿ, "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದರು. ನಾವು ಮೇಲೆ ಹತ್ತಿ ಮದನಿಕೆಯರನ್ನು ನೋಡುತ್ತಿದ್ದೆವು. ಅವರು ಕೆಳಗಿನಿಂದ ನಮ್ಮನ್ನು ನೋಡುತ್ತಿದ್ದರು. ಆ ದಿನದ ಫೋಟೊಗಳಲ್ಲಿ ಅಮ್ಮ ಒಂದರಲ್ಲೂ ಇಲ್ಲ.

ಆಮೇಲೆ ಎರಡೂ ಮಂಡಿಗೆ ಆಪರೇಷನ್ ಆಯಿತು. ಈಗ ಊರುಗೋಲು ಹಿಡಿದು ಸ್ವಲ್ಪ ದೂರ ನಡೆಯುತ್ತಾರೆ. ಜಾಸ್ತಿ ನಡೆಯಬೇಕು ಅಂದರೆ ಗಾಲಿಕುರ್ಚಿ ಬೇಕು. ಈ ಸಲ ಹೊಯ್ಸಳರ ಗುಡಿ ಅಂತ ಹೊರಟಾಗ ನಾನು ಮೊದಲು ಹುಡುಕಿದ್ದು ಶಿಲ್ಪಗಳನ್ನಲ್ಲ, ಎತ್ತರದ ಜಗತಿ ಇಲ್ಲದ ಗುಡಿಯನ್ನು. ಹಾಗೆ ಸಿಕ್ಕಿದ್ದು ದೊಡ್ಡಗದ್ದವಳ್ಳಿ.

ಹಾಸನದಿಂದ ಬೇಲೂರಿನ ಕಡೆ ಸುಮಾರು 16 ಕಿಲೋಮೀಟರ್. ಬೇಲೂರು, ಹಳೇಬೀಡಿಗೆ ಹೋಗುವ ಎಷ್ಟೋ ಜನ ಇದರ ಪಕ್ಕದಲ್ಲೇ ದಾಟಿ ಹೋಗುತ್ತಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿಗೆ ಜನ ಹೋಗುವುದು ಸರಿಯೇ. ಆದರೆ ಇಲ್ಲಿ ನಾವು ಹೋದ ದಿನ ಒಳಗಿದ್ದವರು ನಾವು ನಾಲ್ಕು ಜನ ಮಾತ್ರ. ನಿಧಾನವಾಗಿ ನಡೆಯುವವರ ಜೊತೆ ಬಂದಾಗ ಇದು ಎಷ್ಟು ದೊಡ್ಡ ಅನುಕೂಲ ಅನ್ನೋದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಹಿಂದೆ ಯಾರೂ ಕಾಯುತ್ತಿರಲಿಲ್ಲ. ಯಾರೂ "ಬೇಗ ಬೇಗ" ಅನ್ನಲಿಲ್ಲ.

ಹೋಗುವ ಮೊದಲು ಈ ಗುಡಿಯ ಕತೆ ಸ್ವಲ್ಪ ತಿಳಿದಿದ್ದರೆ ನೋಡುವ ಖುಷಿಯೇ ಬೇರೆ. ಇದನ್ನು ಕಟ್ಟಿಸಿದ್ದು ರಾಜನಲ್ಲ. ವಿಷ್ಣುವರ್ಧನನ ಕಾಲದಲ್ಲಿ, 1114ರ ಹೊತ್ತಿಗೆ, ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಸೇರಿ ಕಟ್ಟಿಸಿದರು. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು. ಅಂದರೆ ಇದು ಅದಕ್ಕಿಂತ ಮೂರು ವರ್ಷ ಹಿರಿಯದು! ಶಾಸನದಲ್ಲಿ ಈ ಊರನ್ನು ಅಭಿನವ ಕೊಲ್ಲಾಪುರ ಅಂತ ಕರೆದಿದ್ದಾರೆ. ಕೊಲ್ಲಾಪುರದ ಮಹಾಲಕ್ಷ್ಮಿ ನಮ್ಮೂರಿಗೂ ಬರಲಿ ಅನ್ನುವ ಆಸೆ ಆ ಹೆಸರಲ್ಲೇ ಇದೆ, ಅಲ್ವಾ? ಗಂಡಹೆಂಡತಿ ಇಬ್ಬರ ಹೆಸರೂ ಉಳಿದುಕೊಂಡಿರುವುದು ಅಮ್ಮನಿಗೆ ತುಂಬಾ ಹಿಡಿಸಿತು. ದಾರಿಯುದ್ದಕ್ಕೂ ಸಹಜಾದೇವಿಯ ಬಗ್ಗೆಯೇ ಕೇಳುತ್ತಿದ್ದರು.

ಹೊಯ್ಸಳರು ಕಟ್ಟಿದ ಗುಡಿಗಳಲ್ಲಿ ನಾಲ್ಕು ಗರ್ಭಗುಡಿ ಇರುವ ಚತುಷ್ಕೂಟ ಇದೊಂದೇ. ಬೇರೆ ಕಡೆ ಒಂದು, ಎರಡು, ಮೂರು ಕೂಟಗಳು ಸಿಗುತ್ತವೆ. ಇಲ್ಲಿ ಲಕ್ಷ್ಮಿ, ಕಾಳಿ, ಶಿವ, ಭೈರವ ನಾಲ್ವರೂ ಒಂದೇ ಸೂರಿನ ಕೆಳಗೆ.

ಬೆಂಗಳೂರಿನಿಂದ ಬರುವವರಿಗೆ ಹಾಸನದವರೆಗೆ ರೈಲು ಒಳ್ಳೆಯದು. 2017ರಲ್ಲಿ ಕುಣಿಗಲ್, ಶ್ರವಣಬೆಳಗೊಳದ ಮೇಲಿನ ಹೊಸ ದಾರಿ ತೆರೆದ ಮೇಲೆ ಪ್ರಯಾಣ ಹತ್ತಿರವಾಗಿದೆ. ಮಂಡಿನೋವಿರುವವರಿಗೆ ಕಾರಿಗಿಂತ ರೈಲೇ ಮೇಲು ಅನ್ನುವುದು ನನ್ನ ಅನುಭವ. ಕಾಲು ಚಾಚಬಹುದು, ಆಗಾಗ ಎದ್ದು ನಿಲ್ಲಬಹುದು, ಶೌಚಾಲಯವೂ ಇರುತ್ತದೆ. ಹಾಸನದಲ್ಲಿ ಇಳಿದು ಟ್ಯಾಕ್ಸಿ ಮಾಡಿಕೊಳ್ಳಿ. ಹಾಸನದಿಂದ ಬೇಲೂರಿಗೆ ಬಸ್ಸುಗಳು ಬೇಕಾದಷ್ಟಿವೆ. ಆದರೆ ಅವು ಮುಖ್ಯ ರಸ್ತೆಯಲ್ಲೇ ಹೋಗುತ್ತವೆ. ಅಲ್ಲಿಂದ ಒಳಗೆ ಊರಿನ ದಾರಿ ಹಿಡಿಯಬೇಕು. ಗಟ್ಟಿ ಕಾಲಿನವರಿಗೆ ಅದು ಚಂದದ ನಡಿಗೆ. ನಡೆಯಲು ಕಷ್ಟ ಇರುವವರು ಬಸ್ಸನ್ನು ನಂಬಿ ಬರಬೇಡಿ. ವಾಪಸ್ ಬರಲು ಅಲ್ಲಿ ಆಟೊ ಸಿಗುತ್ತದೆ ಅನ್ನುವ ಭರವಸೆಯೂ ಬೇಡ. ನೀವು ಬಂದ ಗಾಡಿಯನ್ನೇ ಕಾಯಲು ಹೇಳಿ.

ನಾವು ಮೊದಲ ದಿನ ತಲುಪಿದ್ದು ನಡುಮಧ್ಯಾಹ್ನ. ಬಾಗಿಲು ಹಾಕಿತ್ತು. ಹಳ್ಳಿಯ ಗುಡಿಗಳಲ್ಲಿ ಊಟದ ಹೊತ್ತಿಗೆ ಇದು ಸಹಜ. ಹತ್ತಿರದಲ್ಲಿ ವಿಚಾರಿಸಿ, ಮರುದಿನ ಬೆಳಿಗ್ಗೆ ಬಂದೆವು. ಆವತ್ತು ಎಲ್ಲಾ ಸರಾಗವಾಯಿತು. ಹಾಗಾಗಿ ಒಂದು ಮಾತು: ಬೆಳಿಗ್ಗೆ ಹತ್ತರ ಸುಮಾರಿಗೆ ಬನ್ನಿ. ಬಿಸಿಲೂ ಕಡಿಮೆ, ಕಲ್ಲೂ ಕಾದಿರುವುದಿಲ್ಲ. ವಯಸ್ಸಾದವರನ್ನು ಎರಡು ಸಲ ಕರೆದುಕೊಂಡು ಬರುವ ಕಷ್ಟ ನಿಮಗೆ ಬೇಡ.

ಈಗ ಮುಖ್ಯ ವಿಷಯ. ಗಾಲಿಕುರ್ಚಿ ಎಲ್ಲಿಯವರೆಗೆ ಹೋಗುತ್ತದೆ?

ಗುಡಿಯ ಸುತ್ತ ಪ್ರಾಕಾರದ ಗೋಡೆ ಇದೆ. ಅದರೊಳಗೆ ಹೋಗಲು ಕಂಬಗಳಿರುವ ಒಂದು ಬಾಗಿಲ ಮಂಟಪ. ಮೊದಲ ತೊಡಕು ಇಲ್ಲೇ. ಮೆಟ್ಟಿಲು ಹತ್ತಿ ಒಳಗೆ ಹೋಗಬೇಕು, ಹಿಡಿದುಕೊಳ್ಳಲು ಕಂಬಿ ಇಲ್ಲ. ಹಳೆಯ ಕಲ್ಲಿನ ಮೆಟ್ಟಿಲು ನಮ್ಮ ಮನೆಯ ಮೆಟ್ಟಿಲಿನ ಹಾಗಲ್ಲ. ಒಂದರ ಎತ್ತರ ಇನ್ನೊಂದಕ್ಕಿರುವುದಿಲ್ಲ. ಖಾಲಿ ಕುರ್ಚಿಯನ್ನು ನಾನು ಮತ್ತು ತಮ್ಮ ಎತ್ತಿಕೊಂಡೆವು. ಅಮ್ಮ ನನ್ನ ಹೆಂಡತಿಯ ಭುಜ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ದಾಟಿದರು. ಕುರ್ಚಿಯಿಂದ ಏಳಲೇ ಆಗದವರಾದರೆ ಕುರ್ಚಿ ಸಮೇತ ಎತ್ತಲು ಮೂರ್ನಾಲ್ಕು ಗಟ್ಟಿ ಜನ ಬೇಕು. ಒಬ್ಬರೇ ಕರೆದುಕೊಂಡು ಬರುತ್ತೇನೆ ಅಂದರೆ ಇದು ಆಗದ ಮಾತು. ಈ ವಿಷಯ ಹೊರಡುವ ಮೊದಲೇ ಗೊತ್ತಿರಬೇಕು.

ಒಮ್ಮೆ ಒಳಗೆ ಬಂದಿರೋ, ಆಮೇಲೆ ಹಗುರ. ಅಂಗಳಕ್ಕೆ ಕಲ್ಲು ಹಾಸಿದ್ದಾರೆ. ಚಪ್ಪಡಿಗಳ ನಡುವಿನ ಸಂದಿಗೆ ಚಿಕ್ಕ ಚಕ್ರ ಸಿಕ್ಕಿಕೊಳ್ಳುತ್ತದೆ. ಅಂಥ ಕಡೆ ಕುರ್ಚಿಯನ್ನು ತಿರುಗಿಸಿ ಹಿಂದಕ್ಕೆ ಎಳೆಯಿರಿ, ದೊಡ್ಡ ಚಕ್ರ ಮೊದಲು ದಾಟಲಿ. ಹೀಗೆ ಮಾಡಿಯೇ ನಾವು ಅಮ್ಮನನ್ನು ಸುತ್ತ ಕರೆದುಕೊಂಡು ಹೋದೆವು. ಜಗತಿ ಇಲ್ಲದ್ದರಿಂದ ಗೋಡೆ ಕುರ್ಚಿಯಲ್ಲಿ ಕೂತವರ ಹತ್ತಿರವೇ ಇರುತ್ತದೆ. ಬೇಲೂರಿನಲ್ಲಿ ಅವರಿಗೆ ಸಿಗದೇ ಹೋದದ್ದು ಇದೇ.

ಗೋಡೆಯಲ್ಲಿ ಬೇಲೂರಿನಷ್ಟು ಕುಸುರಿ ಇಲ್ಲ. ಅದನ್ನು ನಿರೀಕ್ಷಿಸಿ ಬಂದವರಿಗೆ ಸಪ್ಪೆ ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಸುಮ್ನೆ ಸ್ವಲ್ಪ ದೂರ ಸರಿದು ಶಿಖರಗಳನ್ನು ನೋಡಿ. ನಾಲ್ಕರಲ್ಲಿ ಮೂರು ಶಿಖರ ಕದಂಬ ನಾಗರ ಶೈಲಿಯವು. ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತವೆ, ಅಲಂಕಾರ ಇಲ್ಲ. ನಾಲ್ಕನೆಯದು ಮಾತ್ರ ಸಿಂಗಾರಗೊಂಡಿದೆ. ಶಿಖರದ ಮುಂದೆ ಹೊಯ್ಸಳರ ಗುರುತಾದ ಸಳನ ವಿಗ್ರಹ ಇದೆ. ಪ್ರಾಕಾರದ ಮೂಲೆಗಳಲ್ಲೂ ಪುಟ್ಟ ಗುಡಿಗಳಿವೆ. ಅವಕ್ಕೂ ಪುಟ್ಟ ಶಿಖರ. ದೊಡ್ಡವರ ಸುತ್ತ ಮಕ್ಕಳು ಕೂತ ಹಾಗೆ ಕಾಣುತ್ತದೆ. ಹಿಂದೆ ತೆಂಗಿನ ಮರಗಳು, ಪಕ್ಕದಲ್ಲಿ ಕೆರೆ. ಈ ನೋಟಕ್ಕೆ ಇನ್ನೊಂದು ಮೆಟ್ಟಿಲನ್ನೂ ಹತ್ತಬೇಕಿಲ್ಲ. ಅಂಗಳದಲ್ಲಿ ನೆರಳಿರುವ ಕಡೆ ಕುರ್ಚಿ ನಿಲ್ಲಿಸಿ ಅರ್ಧ ಗಂಟೆ ಕೂತರೆ ಸಾಕು.

ಗುಡಿಯ ಒಳಗೆ ಗಾಲಿಕುರ್ಚಿ ಹೋಗುವುದಿಲ್ಲ. ಇದನ್ನು ನೇರವಾಗಿ ಹೇಳಿಬಿಡುತ್ತೇನೆ. ಒಳಗೆ ಹೋಗಲು ಉದ್ದನೆಯ ಮಂಟಪದ ಎರಡು ಪಕ್ಕದಲ್ಲಿ ಬಾಗಿಲುಗಳಿವೆ. ಎತ್ತರದ ಕಲ್ಲಿನ ಹೊಸಿಲು ದಾಟಬೇಕು. ಬಿಸಿಲಿನಿಂದ ಒಳಗೆ ಕಾಲಿಟ್ಟ ತಕ್ಷಣ ಏನೂ ಕಾಣುವುದಿಲ್ಲ. ಬೀಳುವ ಅಪಾಯ ಇರುವುದು ಆಗಲೇ. ಹೊಸಿಲು ದಾಟಿದ ಮೇಲೆ ಅಲ್ಲೇ ಒಂದು ನಿಮಿಷ ನಿಲ್ಲಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಒಬ್ಬರು ಮುಂದೆ ನಿಂತು ನೆಲಕ್ಕೆ ಟಾರ್ಚ್ ಬಿಡಲಿ, ಒಬ್ಬರು ಹಿಂದೆ ಇರಲಿ. ಒಳಗಿನ ನೆಲ ನೂರಾರು ವರ್ಷ ಜನ ನಡೆದು ನುಣುಪಾಗಿದೆ. ಅಮ್ಮನಿಗೆ ಊರುಗೋಲಿನ ತುದಿಗೆ ಹೊಸ ರಬ್ಬರ್ ಹಾಕಿಸಿದ್ದು ಇಲ್ಲಿ ತುಂಬಾ ಉಪಯೋಗಕ್ಕೆ ಬಂತು. ಹಳೆಯ ಸವೆದ ರಬ್ಬರ್ ಇದ್ದಿದ್ದರೆ ಖಂಡಿತ ಜಾರುತ್ತಿತ್ತು. ಆಸರೆ ಬೇಕು ಅಂತ ಗೋಡೆಯ ಶಿಲ್ಪಗಳನ್ನು ಹಿಡಿಯಬೇಡಿ. ಇದು ಬಳಪದ ಕಲ್ಲು, ಮೃದು. ಜೊತೆಯವರ ತೋಳನ್ನೇ ಹಿಡಿಯಿರಿ.

ನಾವು ಮಡಚುವ ಸಣ್ಣ ಸ್ಟೂಲ್ ಒಂದನ್ನು ತಂದಿದ್ದೆವು. ಅಲ್ಲಿದ್ದವರನ್ನು ಕೇಳಿ, ಅಮ್ಮನನ್ನು ಮಂಟಪದ ನಡುವೆ ಅದರ ಮೇಲೆ ಕೂರಿಸಿದೆವು. ಆಮೇಲೆ ಆದದ್ದೇ ಈ ಪ್ರವಾಸದ ನಿಜವಾದ ಸಂತೋಷ. ಲಕ್ಷ್ಮಿ ಪೂರ್ವಕ್ಕೆ ಮುಖ ಮಾಡಿದ್ದಾಳೆ. ಎದುರಿಗೆ ಪಶ್ಚಿಮಕ್ಕೆ ಮುಖ ಮಾಡಿದ ಶಿವಲಿಂಗ, ಭೂತನಾಥ. ಕಾಳಿ ಉತ್ತರಕ್ಕೆ, ಭೈರವ ದಕ್ಷಿಣಕ್ಕೆ. ಅಮ್ಮ ಕೂತಲ್ಲೇ ತಿರುಗಿ ತಿರುಗಿ ನಾಲ್ಕೂ ದಿಕ್ಕಿಗೆ ಕೈಮುಗಿದರು. ಯಾವ ಗುಡಿಯಲ್ಲೂ ಇಷ್ಟು ಸುಲಭವಾಗಿ ನಾಲ್ಕು ದೇವರು ಅವರಿಗೆ ಸಿಕ್ಕಿರಲಿಲ್ಲ. ಲಕ್ಷ್ಮಿಯ ವಿಗ್ರಹ ದೊಡ್ಡದೇನಲ್ಲ, ಸುಮಾರು ಮೂರಡಿ. ಮೇಲಿನ ಕೈಗಳಲ್ಲಿ ಶಂಖ, ಚಕ್ರ. ಕೂತವರ ಕಣ್ಣಿಗೂ ಚೆನ್ನಾಗಿ ಕಾಣುತ್ತಾಳೆ.

ಕಾಳಿಯ ಬಾಗಿಲಲ್ಲಿ ಎರಡು ದೊಡ್ಡ ಬೇತಾಳಗಳಿವೆ. ಪಕ್ಕೆಲುಬು ಎಣಿಸಬಹುದು, ಅಷ್ಟು ಎಲುಬಿನ ಮೈ. ಬಾಯಿ ತೆರೆದು ನಿಂತಿವೆ. ಚಿಕ್ಕ ಮಕ್ಕಳಿದ್ದರೆ ಮೊದಲೇ ಹೇಳಿ ಕರೆದುಕೊಂಡು ಹೋಗಿ, ಕತ್ತಲಲ್ಲಿ ಟಾರ್ಚ್ ಬೆಳಕಿಗೆ ಒಮ್ಮೆಲೇ ಕಂಡರೆ ಹೆದರುತ್ತವೆ. ಹೊಯ್ಸಳರ ಸುಂದರಿಯರನ್ನೇ ನೋಡಿ ಅಭ್ಯಾಸವಾದ ನನಗೆ ಈ ಬೇತಾಳಗಳು ಬಹಳ ದಿನ ಮನಸ್ಸಿನಲ್ಲಿ ಉಳಿದವು. ಒಳಗಿನ ಕಾಳಿಯ ವಿಗ್ರಹ 2020ರ ನವೆಂಬರ್‌ನಲ್ಲಿ ಒಡೆದ ಸ್ಥಿತಿಯಲ್ಲಿ ಸಿಕ್ಕಿತ್ತು. ಆ ಸುದ್ದಿ ಓದಿದ ದಿನ ತುಂಬಾ ಸಂಕಟವಾಗಿತ್ತು. ಒಂಬೈನೂರು ವರ್ಷ ಉಳಿದದ್ದು ನಮ್ಮ ಕಾಲದಲ್ಲಿ ಒಡೆಯಿತಲ್ಲ! ಅಲ್ಲಿ ಕಾಯುವವರು ಬ್ಯಾಗಿನ ಬಗ್ಗೆ, ಓಡಾಟದ ಬಗ್ಗೆ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ಕೆಲವು ಸಣ್ಣ ವಿಷಯಗಳು, ಆದರೆ ನಮಗೆ ಇವೇ ದೊಡ್ಡದಾಗಿದ್ದವು. ಶೌಚಾಲಯದ ಕೆಲಸ ಹಾಸನದಲ್ಲೋ ಬೇಲೂರಿನಲ್ಲೋ ಮುಗಿಸಿಕೊಂಡೇ ಬನ್ನಿ. ಊರಿನಲ್ಲಿ ಕಾಲು ಮಡಚಲಾಗದವರಿಗೆ ಹೊಂದುವಂಥದ್ದು ಸಿಗುವುದು ಕಷ್ಟ. ನೀರು, ತಿಂಡಿ, ಮಧ್ಯಾಹ್ನದ ಮಾತ್ರೆ ಎಲ್ಲಾ ಜೊತೆಗಿರಲಿ. ಚಪ್ಪಲಿ ಹೊರಗೆ ಬಿಡಬೇಕು. ಬಗ್ಗಿ ಚಪ್ಪಲಿ ಬಿಡಲಾಗದವರಿಗೆ ಸ್ಟೂಲ್ ಇಲ್ಲೂ ಬೇಕಾಗುತ್ತದೆ. ಕಾಲಿಗೆ ಸಕ್ಕರೆ ಕಾಯಿಲೆಯ ತೊಂದರೆ ಇರುವವರು ಬರಿಗಾಲಲ್ಲಿ ಕಲ್ಲಿನ ಮೇಲೆ ನಡೆಯಬಾರದು. ಅಡಿಯಲ್ಲಿ ರಬ್ಬರ್ ಚುಕ್ಕೆ ಇರುವ ಕಾಲುಚೀಲ ತನ್ನಿ, ಒಳಗೆ ಹಾಕಬಹುದಾ ಅಂತ ಅಲ್ಲಿ ಒಂದು ಮಾತು ಕೇಳಿ. ಫೋಟೊಗೆ ಮೊಬೈಲ್ ಸಾಕು. ಟ್ರೈಪಾಡ್ ಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಪಡೆಯಬೇಕು. ಗರ್ಭಗುಡಿಯ ಫೋಟೊ ತೆಗೆಯಲು ಹೋಗಬೇಡಿ.

ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಹಾಸನದ ಈ ಭಾಗ ತುಂಬಾ ಚಂದ. ಆದರೆ ಕಲ್ಲು ಪಾಚಿ ಹಿಡಿಯುತ್ತದೆ. ಊರುಗೋಲಿನವರಿಗೆ ಆ ತಿಂಗಳು ಬೇಡವೇ ಬೇಡ. ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ.

ಅದೇ ದಿನ ಬೇಲೂರು, ಹಳೇಬೀಡು ಎರಡನ್ನೂ ಸೇರಿಸಿಕೊಳ್ಳಬಹುದಾ ಅಂತ ಕೇಳುವವರಿಗೆ: ಗಟ್ಟಿಮುಟ್ಟಾದವರಿಗೆ ಆಗುತ್ತದೆ. ಅಮ್ಮನಂಥವರ ಜೊತೆ ಬೇಡ. ಇಲ್ಲಿಗೇ ಒಂದು ಇಡೀ ಬೆಳಿಗ್ಗೆ ಕೊಡಿ, ಮಧ್ಯಾಹ್ನ ರೂಮಿಗೆ ಹೋಗಿ ಮಲಗಿ. ನಾವು ಹಾಗೇ ಮಾಡಿದೆವು. ಹೊರಡುವ ಮೊದಲು ಅಂಗಳದಲ್ಲಿ, ಮೆಟ್ಟಿಲು ಶಿಖರಗಳು ಹಿಂದೆ ಕಾಣುವ ಹಾಗೆ, ಅಮ್ಮನನ್ನು ನಡುವೆ ಕೂರಿಸಿ ಒಂದು ಫೋಟೊ ತೆಗೆದೆವು. ಅಲ್ಲೇ ಇದ್ದ ಊರಿನ ಹುಡುಗನೊಬ್ಬ ತೆಗೆದುಕೊಟ್ಟ. ಹಾಗಾಗಿ ಅದರಲ್ಲಿ ನಾವು ನಾಲ್ವರೂ ಇದ್ದೇವೆ.